ಡಿಗ್ರಿಗೆ ಹೋಗದ ಮಕ್ಕಳಿಗೆ ಪಾರ್ಕ್‌ಗಳು ಕೆಲಸವನ್ನಷ್ಟೇ ಅಲ್ಲ, ಕಸುಬನ್ನೂ ಕೊಡಲಿ

ಮಂಡ್ಯ, ಮೈಸೂರು, ರಾಮನಗರ ಸೀಮೆಯ ತಂದೆತಾಯಂದಿರಲ್ಲಿ, ಪಿಯುಸಿ ಮುಗಿಸಿದ ಮಕ್ಕಳಲ್ಲಿ, ಪಂಚಾಯಿತಿ ಸದಸ್ಯರಲ್ಲಿ ಒಂದು ಮನವಿ.

ದ್ವಿತೀಯ ಪಿಯುಸಿ ಫಲಿತಾಂಶ ಬರುವುದು ಏಪ್ರಿಲ್‌ನಲ್ಲಿ. ಥೀಮ್ ಪಾರ್ಕ್‌ಗಳಿಗೆ ಜನ ಮುಗಿಬೀಳುವುದೂ ಏಪ್ರಿಲ್, ಮೇ ತಿಂಗಳಲ್ಲೇ. ಆ ಹೊತ್ತಿಗೆ ಸರಿಯಾಗಿ, ಪಾರ್ಕ್‌ಗಳಿಗೆ ಆಳು ಒದಗಿಸುವ ಏಜೆನ್ಸಿಯವರು ಊರಿಗೆ ಬರುತ್ತಾರೆ. ಫೇಲಾದವರು, ಪಾಸಾಗಿಯೂ ಫೀಸು ಹೊಂದಿಸಲಾಗದವರು, ತಂಗಿ ಓದಲೆಂದು ತಮ್ಮ ಓದು ಬಿಟ್ಟವರು ಅವರ ಜೊತೆ ಹೊರಡುತ್ತಾರೆ. ಒಂದು ಟೀ ಶರ್ಟು, ಒಂದು ಸೀಟಿ, ಕೊರಳಿಗೊಂದು ಐಡಿ ಕಾರ್ಡು ಸಿಗುತ್ತದೆ. ಮಳೆ ಹಿಡಿದು, ಶಾಲೆಗಳು ಶುರುವಾಗಿ ಜನ ಕಡಿಮೆಯಾದ ಮೇಲೆ "ಫೋನ್ ಮಾಡ್ತೀವಿ, ಈಗ ಊರಿಗೆ ಹೋಗಿರು" ಎಂಬ ಮಾತು ಬರುತ್ತದೆ. ಫೋನು ಬಂದರೆ ದಸರೆಗೆ, ಇಲ್ಲದಿದ್ದರೆ ಮುಂದಿನ ಬೇಸಿಗೆಗೆ.

ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುವವಳು. ಪಾರ್ಕ್‌ಗಳನ್ನು ಮುಚ್ಚಬೇಕೆಂದು ನಾನು ಹೇಳುತ್ತಿಲ್ಲ. ಪಾರ್ಕಿನ ಕೆಲಸ ಕೀಳೆನ್ನುವವರ ಮಾತನ್ನೂ ಒಪ್ಪುವುದಿಲ್ಲ. ನನ್ನ ಬೇಡಿಕೆ ಒಂದೇ. ಡಿಗ್ರಿಗೆ ಹೋಗದ ಹುಡುಗ ಹುಡುಗಿಯರನ್ನು ಪಾರ್ಕ್‌ಗಳು ಸೀಸನ್ ಕೂಲಿಗಳಾಗಿ ತೆಗೆದುಕೊಳ್ಳುವುದನ್ನು ಬಿಟ್ಟು ಅಪ್ರೆಂಟಿಸ್‌ಗಳಾಗಿ ತೆಗೆದುಕೊಳ್ಳಬೇಕು. ಬರವಣಿಗೆಯಲ್ಲಿ ಕರಾರು ಇರಬೇಕು, ತಿಂಗಳ ಭತ್ಯೆ ಬ್ಯಾಂಕಿಗೆ ಬರಬೇಕು, ಏನು ಕಲಿಸುತ್ತೇವೆಂದು ಮೊದಲೇ ಹೇಳಬೇಕು, ಕೊನೆಗೆ ಸರ್ಕಾರ ಮಾನ್ಯ ಮಾಡುವ ಪ್ರಮಾಣಪತ್ರ ಕೈಗೆ ಸಿಗಬೇಕು. ಇದಕ್ಕೆ ಹೊಸ ಕಾನೂನು ತರಬೇಕಾಗಿಲ್ಲ. ಅಪ್ರೆಂಟಿಸ್ ಕಾಯ್ದೆ 1961ರಿಂದಲೇ ಇದೆ.

ಈ ಮಕ್ಕಳು ಬೆರಳೆಣಿಕೆಯಷ್ಟು ಎಂದು ಯಾರೂ ತಿಳಿಯಬಾರದು. ಕೇಂದ್ರ ಸರ್ಕಾರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ದಾಖಲಾತಿ ಪ್ರಮಾಣ ಶೇ. 36.2. ದೇಶದ ಸರಾಸರಿ 28.4 ಇರುವಾಗ ಇದು ಒಳ್ಳೆಯ ಸಾಧನೆಯೇ. ಆದರೂ 18ರಿಂದ 23 ವಯಸ್ಸಿನವರಲ್ಲಿ ಮೂವರಿಗೆ ಹೆಚ್ಚುಕಡಿಮೆ ಇಬ್ಬರು ಕಾಲೇಜಿನ ಹೊರಗೇ ಇದ್ದಾರೆ ಎಂದಾಯಿತು. ಅವರಿಗೆ ರಾಜ್ಯ ಸರ್ಕಾರ ಏನು ಕೊಟ್ಟಿದೆ? 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿಗೆ ಚಾಲನೆ ಸಿಕ್ಕಿತು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮಾಡಿದವರಿಗೆ 1,500. ಪಿಯುಸಿಗೇ ನಿಂತವರಿಗೆ ಅದರಲ್ಲಿ ಜಾಗವಿಲ್ಲ. ಓದಲು ಆಗದವನಿಗೆ ಓದಿದವನಿಗಿಂತ ಮೊದಲು ಕೈಹಿಡಿಯುವವರು ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಪಾರ್ಕಿನ ಕೆಲಸದ ಮಾತಿಗೆ ಬರುತ್ತೇನೆ. "ಬಟನ್ ಒತ್ತುವುದು ತಾನೇ" ಎನ್ನುವವರು ಒಮ್ಮೆ ರೈಡಿನ ಪಕ್ಕ ಹತ್ತು ನಿಮಿಷ ನಿಂತು ನೋಡಬೇಕು. ಬಾಗಿಲಲ್ಲಿ ನಿಂತ ಹುಡುಗಿ ಎತ್ತರದ ಪಟ್ಟಿಗೆ ಮಗುವನ್ನು ನಿಲ್ಲಿಸುತ್ತಾಳೆ. ಎರಡು ಬೆರಳು ಕಡಿಮೆ. ಅಪ್ಪ ರೇಗುತ್ತಾನೆ, "ಟಿಕೆಟ್ ಕೊಟ್ಟಿದ್ದೀನಿ" ಅನ್ನುತ್ತಾನೆ. ಇವಳು ದನಿ ಏರಿಸದೆ ಇಲ್ಲ ಅನ್ನಬೇಕು. ಒಳಗೆ ಇನ್ನೊಬ್ಬ ಪ್ರತಿ ಸೀಟಿನ ಕಂಬಿಯನ್ನು ಕೆಳಕ್ಕೆ ಒತ್ತಿ, ಲಾಕ್ ಬಿದ್ದಿದೆಯೇ ಎಂದು ಮೇಲಕ್ಕೆ ಎಳೆದು ನೋಡುತ್ತಾನೆ. ಕೊನೆಯ ಸೀಟು ಮುಗಿದ ಮೇಲೆ ಹೆಬ್ಬೆರಳು ತೋರಿಸುತ್ತಾನೆ. ಅದನ್ನು ಕಂಡ ಮೇಲೆಯೇ ಆಪರೇಟರ್ ಚಾಲೂ ಮಾಡಬೇಕು. ನೀರಿನ ಜಾರುಬಂಡೆಯಲ್ಲೂ ಹಾಗೆಯೇ. ಕೆಳಗೆ ಬಿದ್ದವರು ಎದ್ದು ದಾರಿ ಬಿಟ್ಟರೆಂದು ಕೆಳಗಿನವನು ಕೈ ಎತ್ತುವ ತನಕ ಮೇಲಿನವನು ಮುಂದಿನವರನ್ನು ಬಿಡುವಂತಿಲ್ಲ. ಹತ್ತಿ ಬಟ್ಟೆಯಲ್ಲಿ ನೀರಿಗಿಳಿಯಲು ಬಂದ ಕುಟುಂಬಕ್ಕೆ ನೈಲಾನ್ ಉಡುಪು ಯಾಕೆ ಬೇಕೆಂದು ಕನ್ನಡ, ತಮಿಳು, ಹಿಂದಿಯಲ್ಲಿ ತಿಳಿಹೇಳುವವರೂ ಇವರೇ. ಸುರಕ್ಷತೆ, ಯಂತ್ರದ ತಿಳಿವಳಿಕೆ, ಜನರನ್ನು ಸಂಭಾಳಿಸುವ ಜಾಣ್ಮೆ ಮೂರೂ ಬೇಡುವ ಕಸುಬು ಇದು. ಕಸುಬನ್ನು ಕಲಿಸಬೇಕು, ಪರೀಕ್ಷಿಸಬೇಕು, ಕಲಿತದ್ದಕ್ಕೆ ಗುರುತು ಕೊಡಬೇಕು.

ಕಲಿಸದಿದ್ದರೆ ಏನಾಗುತ್ತದೆ? 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾದಲ್ಲಿ ಲೋಲಕದಂತೆ ತೂಗುವ ರೈಡೊಂದು ಮುರಿದು ಬಿದ್ದು ಇಬ್ಬರು ಸತ್ತರು, ಹಲವರು ಗಾಯಗೊಂಡರು. ಪೊಲೀಸರು ಬಂಧಿಸಿದವರಲ್ಲಿ ಮಾಲೀಕರು, ಮ್ಯಾನೇಜರ್ ಮಾತ್ರವಲ್ಲ, ರೈಡ್ ಆಪರೇಟರ್‌ಗಳೂ ಸಹಾಯಕನೂ ಇದ್ದರು. ಆ ಪ್ರಕರಣದ ತಪ್ಪು ಒಪ್ಪುಗಳನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ನಾನು ಹೇಳುವುದು ನಮ್ಮ ಮಕ್ಕಳ ಮಾತು. ಅನಾಹುತವಾದಾಗ ಹೊಣೆ ಅವರ ಹೆಗಲಿಗೂ ಬೀಳುತ್ತದೆ ಎಂದಾದರೆ, ಆ ಹೊಣೆಗೆ ತಕ್ಕ ತರಬೇತಿ ಅವರಿಗೆ ಸಿಕ್ಕಿರಲೇಬೇಕು. ಎರಡು ದಿನ ಹಳಬನ ಪಕ್ಕ ನಿಲ್ಲಿಸಿ ಮೂರನೆಯ ದಿನ ಒಬ್ಬನನ್ನೇ ಬಿಡುವುದು ತರಬೇತಿಯಲ್ಲ.

ಕಾನೂನು ಹೇಳುವುದನ್ನು ಸರಳವಾಗಿ ತಿಳಿಸುತ್ತೇನೆ. 2019ರಲ್ಲಿ ತಿದ್ದಿದ ಅಪ್ರೆಂಟಿಸ್ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಗುತ್ತಿಗೆಯವರೂ ಈ ಲೆಕ್ಕಕ್ಕೆ ಸೇರುತ್ತಾರೆ. 600 ಜನ ಇರುವ ಪಾರ್ಕ್ ಎಂದರೆ ಕನಿಷ್ಠ 15, ಗರಿಷ್ಠ 90 ಮಕ್ಕಳು. ಅದೇ ನಿಯಮ 12ನೇ ತರಗತಿ ಮುಗಿಸಿದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ, ಹತ್ತನೇ ತರಗತಿಯವರಿಗೆ 6,000 ಭತ್ಯೆ ಗೊತ್ತುಮಾಡಿತು. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಭತ್ಯೆಯ ಕಾಲುಭಾಗವನ್ನು, 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರವೇ ಭರಿಸುತ್ತದೆ. ಸರ್ಕಾರದ ಪಟ್ಟಿಯಲ್ಲಿಲ್ಲದ ಕೆಲಸಕ್ಕೂ ಸಂಸ್ಥೆಯೇ ಪಠ್ಯ ರೂಪಿಸಿ, ಆರು ತಿಂಗಳಿನಿಂದ ಮೂರು ವರ್ಷದವರೆಗೆ ಕಲಿಸಲು 2014ರ ತಿದ್ದುಪಡಿಯ ನಂತರ ಅವಕಾಶವಿದೆ. ರೈಡ್ ನಡೆಸುವುದು, ಜೀವರಕ್ಷಕನ ಕೆಲಸ, ಪಂಪು ಮತ್ತು ನೀರು ಶುದ್ಧೀಕರಣದ ಘಟಕ, ಅಡುಗೆಮನೆ, ಟಿಕೆಟ್ ಕೌಂಟರ್ ಯಾವುದನ್ನೂ ಹೊರಗಿಡಬೇಕಾಗಿಲ್ಲ.

ಇದೇ ಕಾಯ್ದೆಯಲ್ಲಿ ಒಂದು ಅಪಾಯವೂ ಇದೆ. 18ನೇ ಕಲಂ ಪ್ರಕಾರ ಅಪ್ರೆಂಟಿಸ್ ಎಂದರೆ ಕಲಿಯುವವನು, ಕಾರ್ಮಿಕನಲ್ಲ. ಪಿಎಫ್, ಬೋನಸ್ ಕೇಳುವ ಹಾಗಿಲ್ಲ. ಹೆಸರಿಗೆ ಕಲಿಕೆ, ಒಳಗೆ ಅಗ್ಗದ ದುಡಿಮೆ ಎಂಬ ಆಟಕ್ಕೆ ಇದು ಬಾಗಿಲು ತೆರೆಯುತ್ತದೆ. ಆದ್ದರಿಂದ ಬರೀ ಅಪ್ರೆಂಟಿಸ್ ಎಂಬ ಹೆಸರಿಗೆ ನಾವು ಒಪ್ಪಬಾರದು. ಅವಧಿ ಒಂದು ವರ್ಷ ಮೀರಬಾರದು. ಮುಗಿಸಿದವರಲ್ಲಿ ಎಷ್ಟು ಮಂದಿಯನ್ನು ಕಾಯಂ ಮಾಡಿಕೊಂಡರೆಂದು ಪ್ರತಿ ವರ್ಷ ಪಾರ್ಕಿನ ಗೇಟಿನಲ್ಲೇ ಫಲಕ ಹಾಕಬೇಕು. ನಿಯಮ ಗೊತ್ತುಮಾಡುವ ಭತ್ಯೆ ಕನಿಷ್ಠ ಮಿತಿ ಮಾತ್ರ. ಅದಕ್ಕಿಂತ ಹೆಚ್ಚು ಕೊಡಬಾರದೆಂದು ಯಾವ ನಿಯಮವೂ ಹೇಳುವುದಿಲ್ಲ. ಬಿಡದಿಯಲ್ಲಿ ಕೋಣೆ ಬಾಡಿಗೆ ಕಟ್ಟಿ ಆ ಹಣದಲ್ಲಿ ತಿಂಗಳು ತಳ್ಳುವುದು ಸಾಧ್ಯವಿಲ್ಲ ಎಂದು ಎಲ್ಲರಿಗೂ ಗೊತ್ತು. ಊಟ, ವಸತಿ ಪಾರ್ಕಿನವರೇ ನೋಡಿಕೊಳ್ಳಲಿ. ಪೆಟ್ಟಾದರೆ ಪರಿಹಾರ ಕೊಡುವ ಹೊಣೆ ಮಾಲೀಕನದೇ ಎಂದು ಕಾಯ್ದೆಯ 16ನೇ ಕಲಂ ಹೇಳುತ್ತದೆ. ಇದನ್ನು ಪ್ರತಿ ಮಗುವೂ ತಿಳಿದಿರಬೇಕು.

ನನ್ನ ವಿದ್ಯಾರ್ಥಿಯೊಬ್ಬನ ವಿಷಯ ಹೇಳಲೇಬೇಕು. ಪಾರ್ಕೊಂದರಲ್ಲಿ ಮೂರು ವರ್ಷ ರೈಡ್ ನೋಡಿಕೊಂಡ. ಬೇರಿಂಗಿನ ಸದ್ದು ಬದಲಾದರೆ ಸೂಪರ್‌ವೈಸರ್‌ಗಿಂತ ಮೊದಲು ಅವನಿಗೇ ಗೊತ್ತಾಗುತ್ತಿತ್ತು. ಬೇರೆ ಕಡೆ ಟೆಕ್ನಿಷಿಯನ್ ಕೆಲಸಕ್ಕೆ ಅರ್ಜಿ ಹಾಕಲು ಅನುಭವ ಪತ್ರ ಕೇಳಿದ. ಏಜೆನ್ಸಿಯವರನ್ನು ಕೇಳು ಎಂದರು ಪಾರ್ಕಿನವರು. ಏಜೆನ್ಸಿ ಅಷ್ಟರಲ್ಲಿ ಹೆಸರು ಬದಲಿಸಿತ್ತು. ಹಳೆಯ ಹೆಸರಿನ ಕಾಗದ ಈಗ ಕೊಡಲಾಗದು ಎಂದರು. ಅವನ ಮೂರು ವರ್ಷಕ್ಕೆ ಸಾಕ್ಷಿಯೇ ಇಲ್ಲದಂತಾಯಿತು. ಈಗ ಹೆಬ್ಬಾಳದ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದಾನೆ.

ಕಲಿತದ್ದಕ್ಕೆ ಸಾಕ್ಷಿ ಸಿಗುವಂತೆ ಬೇರೆ ದೇಶಗಳ ಪಾರ್ಕ್‌ಗಳು ಹೇಗೆ ಕಲಿಸುತ್ತವೆ ನೋಡಿ. ಜರ್ಮನಿಯ ರುಸ್ಟ್ ಎಂಬ ಸಣ್ಣ ಊರಿನಲ್ಲಿ 1975ರಲ್ಲಿ ತೆರೆದ ಯುರೋಪಾ ಪಾರ್ಕ್ ಶಾಲೆ ಮುಗಿಸಿದ ಮಕ್ಕಳನ್ನು ಅಡುಗೆ, ಹೋಟೆಲ್, ವಿದ್ಯುತ್ ಮುಂತಾದ ಕಸುಬುಗಳಿಗೆ ತೆಗೆದುಕೊಳ್ಳುತ್ತದೆ. ಅಲ್ಲಿನ ಪದ್ಧತಿಯಲ್ಲಿ ಮಕ್ಕಳು ಕೆಲವು ದಿನ ಕೆಲಸದ ಜಾಗದಲ್ಲಿ, ಕೆಲವು ದಿನ ವೃತ್ತಿಶಾಲೆಯಲ್ಲಿ ಕಲಿಯುತ್ತಾರೆ. ಪರೀಕ್ಷೆ ನಡೆಸುವುದು ಮಾಲೀಕರಲ್ಲ, ವಾಣಿಜ್ಯ ಮಂಡಳಿ. ಆದ್ದರಿಂದ ಆ ಪ್ರಮಾಣಪತ್ರಕ್ಕೆ ದೇಶದ ಎಲ್ಲೆಡೆ ಬೆಲೆಯಿದೆ. ಅಮೆರಿಕದ ಡಿಸ್ನಿ 1981ರಲ್ಲಿ ಶುರುಮಾಡಿದ ಕಾರ್ಯಕ್ರಮ ಕಾಲೇಜು ವಿದ್ಯಾರ್ಥಿಗಳಿಗಾಗಿ. ಕಾಲೇಜಿಗೆ ಹೋಗದವರಿಗೆ ಅದು ದಕ್ಕಲಿಲ್ಲ. ಆದರೆ 2018ರಲ್ಲಿ ಅದೇ ಕಂಪನಿ ಗಂಟೆ ಲೆಕ್ಕದಲ್ಲಿ ದುಡಿಯುವ ತನ್ನ ನೌಕರರಿಗೆ ಓದಿನ ಪೂರ್ತಿ ಶುಲ್ಕ ಕಟ್ಟುವ ಯೋಜನೆ ತಂದಿತು. ಅರ್ಧಕ್ಕೆ ಬಿಟ್ಟ ಹೈಸ್ಕೂಲನ್ನು ಮುಗಿಸುವುದಕ್ಕೂ ಅದರಲ್ಲಿ ಅವಕಾಶವಿದೆ.

ನಮಗೆ ಅದಕ್ಕಾಗಿ ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಮೈಸೂರಿನಲ್ಲೇ 1996ರಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಒಂದು ವರ್ಷ ಕಸುಬು ಕಲಿತ ಮೇಲೆ ಕೆಲಸದಲ್ಲಿದ್ದುಕೊಂಡೇ ಪದವಿ ಮಾಡುವ ಆಸೆ ಯಾರಿಗಾದರೂ ಇದ್ದರೆ ಪಾರ್ಕ್ ಆ ಶುಲ್ಕ ಕಟ್ಟಲಿ, ಪರೀಕ್ಷೆಗೆ ರಜೆ ಕೊಡಲಿ. ಶನಿವಾರ, ಭಾನುವಾರವೇ ಗಿರಾಕಿ ಹೆಚ್ಚು ಎಂಬುದು ನಿಜ. ಹಾಗಾದರೆ ಓದುವವರ ರಜೆಯನ್ನು ಮಂಗಳವಾರಕ್ಕೋ ಬುಧವಾರಕ್ಕೋ ಹಾಕಿ, ಅದನ್ನು ಕಿತ್ತುಕೊಳ್ಳದಿರಲಿ.

ಖರ್ಚು ಹೆಚ್ಚಾಗುತ್ತದೆ ಎಂದು ಮಾಲೀಕರು ಹೇಳುತ್ತಾರೆ. ಥೀಮ್ ಪಾರ್ಕ್ ಟಿಕೆಟ್ಟಿನ ಮೇಲಿನ ಜಿಎಸ್‌ಟಿಯನ್ನು 2018ರ ಜನವರಿಯಲ್ಲಿ ಶೇ. 28ರಿಂದ 18ಕ್ಕೆ ಇಳಿಸಲಾಯಿತು. ಉದ್ಯಮ ಕೇಳಿತು, ಸರ್ಕಾರ ಕೊಟ್ಟಿತು. ಈಗ ಆ ಉದ್ಯಮವನ್ನು ನಡೆಸುವ ಕೈಗಳು ಕೇಳುತ್ತಿವೆ. ಕಲಿಸಿದ ಮೇಲೆ ಬಿಟ್ಟುಹೋಗುತ್ತಾರೆ ಎಂಬುದು ಅವರ ಇನ್ನೊಂದು ದೂರು. ಸೀಸನ್ ಮುಗಿದೊಡನೆ ಮನೆಗೆ ಕಳಿಸುವ ರೂಢಿ ಇಟ್ಟುಕೊಂಡು ಈ ದೂರು ಹೇಳುವುದು ನ್ಯಾಯವಲ್ಲ.

ಈ ಮಾತನ್ನು ಈಗಲೇ ಎತ್ತಲು ಕಾರಣವಿದೆ. ಕೆಆರ್‌ಎಸ್ ಬೃಂದಾವನ ಉದ್ಯಾನವನ್ನು ಖಾಸಗಿ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೇರಿಸುವ 2,663 ಕೋಟಿ ರೂಪಾಯಿಯ ಯೋಜನೆಗೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಡಿಸ್ನಿಲ್ಯಾಂಡ್ ಮಾದರಿ ಎಂದು ಜನ ಕರೆಯುವುದು ಇದನ್ನೇ. ಪಕ್ಕದ ಅಣೆಕಟ್ಟೆಯ ಸುರಕ್ಷತೆಯ ಬಗ್ಗೆ ರೈತ ಸಂಘಟನೆಗಳು ಪ್ರಶ್ನೆ ಎತ್ತಿವೆ. ಅದಕ್ಕೆ ಸಮಾಧಾನದ ಉತ್ತರ ಸಿಗುವ ಮೊದಲು ಒಂದು ಕಲ್ಲೂ ಅಲುಗಬಾರದು. ಆದರೆ ಯೋಜನೆ ಬರುವುದೇ ಆದರೆ, ಖಾಸಗಿಯವರ ಜೊತೆ ಮಾಡಿಕೊಳ್ಳುವ ಒಪ್ಪಂದದಲ್ಲೇ ಸುತ್ತಲಿನ ತಾಲ್ಲೂಕುಗಳ ಪಿಯುಸಿ ಮಕ್ಕಳಿಗೆ ಅಪ್ರೆಂಟಿಸ್ ಜಾಗಗಳನ್ನು, ಶೇ. 2.5ಕ್ಕಲ್ಲ, ಶೇ. 15ರ ಪೂರ್ತಿ ಲೆಕ್ಕದಲ್ಲಿ ಬರೆದಿರಬೇಕು. ಸಹಿ ಬಿದ್ದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ. ಬೆಳಗೊಳದ, ಪಾಂಡವಪುರದ, ಶ್ರೀರಂಗಪಟ್ಟಣದ ಮಕ್ಕಳು ಅಲ್ಲಿ ಪಾರ್ಕಿಂಗ್ ಚೀಟಿ ಹರಿಯುವುದಕ್ಕಷ್ಟೇ ಇರಬಾರದು.

ಮುಂದಿನ ಗ್ರಾಮಸಭೆಯಲ್ಲಿ ಇದನ್ನು ವಿಷಯವಾಗಿ ಇಡಿಸಿ. ನಿಮ್ಮೂರಿನಲ್ಲಿ ಪಿಯುಸಿ ಮುಗಿಸಿ ಮನೆಯಲ್ಲಿರುವವರ, ಪಾರ್ಕ್‌ಗಳಲ್ಲಿ ಈಗಾಗಲೇ ದುಡಿಯುತ್ತಿರುವವರ ಪಟ್ಟಿಯನ್ನು ಅಲ್ಲೇ ಬರೆಸಿ. ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳಿ. ನಿರ್ಣಯವಾದ ಮೇಲೆ ಪಟ್ಟಿ ಸಮೇತ ಒಂದು ಪ್ರತಿಯನ್ನು ಕಾವೇರಿ ನೀರಾವರಿ ನಿಗಮಕ್ಕೆ, ಒಂದನ್ನು ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಗೆ, ಒಂದನ್ನು ನಿಮ್ಮ ಶಾಸಕರಿಗೆ ಖುದ್ದಾಗಿ ಕೊಡಿ. ಮೂರು ಕಡೆಯೂ ಮೊಹರು ಹಾಕಿದ ಸ್ವೀಕೃತಿ ಪಡೆದುಕೊಂಡೇ ಬನ್ನಿ.