ಗೋಕುಲ ರಸ್ತೆಯ ಸಾರ್ವಜನಿಕ ವೈ-ಫೈಗೆ ಹಗಲೂ ಕರೆಂಟ್ ಬೇಕು: ಮನವಿ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ.

ವಿಷಯ: ಗೋಕುಲ ರಸ್ತೆಯ ಸಾರ್ವಜನಿಕ ಸ್ಥಳಗಳಲ್ಲಿ ವೈ-ಫೈ ಉಪಕರಣ ಅಳವಡಿಸಿ, ಅವಕ್ಕೆ 24 ಗಂಟೆಯೂ ವಿದ್ಯುತ್ ಒದಗಿಸುವ ಕುರಿತು.

ಮಾನ್ಯರೇ,

ಗೋಕುಲ ರಸ್ತೆಯ ನಿವಾಸಿಗಳು, ಅಂಗಡಿಕಾರರು, ಕೈಗಾರಿಕಾ ವಸಾಹತಿನ ಕೆಲಸಗಾರರು ಹಾಗೂ ವಿದ್ಯಾರ್ಥಿಗಳು ಕೂಡಿ ಸಲ್ಲಿಸುತ್ತಿರುವ ಮನವಿ.

ಹೊಸ ಬಸ್ ನಿಲ್ದಾಣ, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ, ಕೈಗಾರಿಕಾ ವಸಾಹತು, ವಿಮಾನ ನಿಲ್ದಾಣ, ಎಂಜಿನಿಯರಿಂಗ್ ಕಾಲೇಜು ಎಲ್ಲವೂ ಈ ಒಂದೇ ರಸ್ತೆಯ ಮೇಲಿವೆ. ಬಸ್ಸಿಗೆ ಕಾಯುತ್ತ ನೇಮಕಾತಿ ಅರ್ಜಿ ತುಂಬುವ ಹುಡುಗಿಗೆ, ಪಾಳಿ ಮುಗಿಸಿ ಊರಿಗೆ ವಿಡಿಯೊ ಕರೆ ಮಾಡುವ ಕಾರ್ಮಿಕನಿಗೆ ದಿನದ ಡೇಟಾ ಮುಗಿದರೆ ಅಲ್ಲಿಗೇ ಕೆಲಸ ನಿಂತಿತು. ಇವರಿಗಾಗಿ ಕೇಳುತ್ತಿದ್ದೇವೆ.

ಪರವಾನಗಿಯ ತೊಡಕು ಈಗ ದೊಡ್ಡದಲ್ಲ. 5 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಹೊರಾಂಗಣದಲ್ಲೂ ಲೈಸೆನ್ಸ್ ಇಲ್ಲದೆ ಬಳಸಲು 2018ರಲ್ಲೇ ಅವಕಾಶವಾಗಿದೆ. 2020ರ ಡಿಸೆಂಬರ್ 9ರಂದು ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಡಿ ಚಹಾದಂಗಡಿಯವರೂ ಲೈಸೆನ್ಸ್ ಶುಲ್ಕವಿಲ್ಲದೆ ವೈ-ಫೈ ಕೊಡಬಹುದು. ಗೋಕುಲ ರಸ್ತೆಯ ಅಂಗಡಿಕಾರರಲ್ಲಿ ಇದಕ್ಕೆ ಮನಸ್ಸುಳ್ಳವರಿದ್ದಾರೆ. ಅವರ ಕೈಗೆಟುಕದ್ದು ಎರಡೇ: ಕಂಬ ಮತ್ತು ಕರೆಂಟ್. ಎರಡಕ್ಕೂ ತಮ್ಮ ಅನುಮತಿ, ವಿದ್ಯುತ್ ಸರಬರಾಜು ಕಂಪನಿಯಾದ ಹೆಸ್ಕಾಂನ ಸಹಕಾರ ಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಿದೆ. ಉಪಕರಣ ತೂಗುಹಾಕಲು ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಬೀದಿದೀಪದ ಕಂಬ. ಆದರೆ ಬೀದಿದೀಪದ ಲೈನಿಗೆ ಸಾಮಾನ್ಯವಾಗಿ ಸಂಜೆ ಕರೆಂಟ್ ಬಿಟ್ಟು ಬೆಳಗ್ಗೆ ತೆಗೆಯುತ್ತಾರೆ. ಅದೇ ಲೈನಿಗೆ ಜೋಡಿಸಿದ ವೈ-ಫೈ, ಜನ ಓಡಾಡುವ ಹಗಲೆಲ್ಲ ಸತ್ತಿರುತ್ತದೆ. ಆದ್ದರಿಂದ ಕಂಬ ಬೀದಿದೀಪದ್ದಾದರೂ ವಿದ್ಯುತ್ ಪ್ರತ್ಯೇಕವಾಗಿ, ಮೀಟರ್ ಇರುವ, ಸದಾ ಚಾಲೂ ಇರುವ ಲೈನಿನಿಂದಲೇ ಬರಬೇಕು. ಇದು ನಮ್ಮ ಮುಖ್ಯ ಬೇಡಿಕೆ. ಇದೊಂದು ಈಡೇರದಿದ್ದರೆ ಉಳಿದವುಗಳಿಂದ ಪ್ರಯೋಜನವಿಲ್ಲ.

ಪ್ರತಿ ಕಂಬಕ್ಕೂ 230 ವೋಲ್ಟ್ ಏರಿಸುವ ಅಗತ್ಯವೂ ಇಲ್ಲ. ರಸ್ತೆ ಬದಿಯ ಒಂದು ಪೆಟ್ಟಿಗೆಯಲ್ಲಿ ಮೀಟರ್, ಸ್ವಿಚ್, ಬ್ಯಾಟರಿ ಇಟ್ಟು, ಡೇಟಾ ಹಾಗೂ ವಿದ್ಯುತ್ ಎರಡನ್ನೂ ಒಂದೇ ಈಥರ್ನೆಟ್ ಕೇಬಲಿನಲ್ಲಿ ಒಯ್ಯುವ ಪವರ್ ಓವರ್ ಈಥರ್ನೆಟ್ ಪದ್ಧತಿ ಬಳಸಬಹುದು. ಮಳೆಯಲ್ಲಿ ನೆನೆಯುವ ಕಬ್ಬಿಣದ ಕಂಬದ ಮೇಲೆ 50 ವೋಲ್ಟ್ ಆಸುಪಾಸಿನ ಈ ವಿದ್ಯುತ್ತೇ ಹೆಚ್ಚು ಸುರಕ್ಷಿತ. ಈ ಕೇಬಲಿನ ಮಿತಿ 100 ಮೀಟರ್. ಅದಕ್ಕಿಂತ ದೂರಕ್ಕೆ ಡೇಟಾವನ್ನು ಫೈಬರ್‌ನಲ್ಲಿ ಒಯ್ದು, ಅಲ್ಲಿ ಮತ್ತೊಂದು ಪೆಟ್ಟಿಗೆ ಇಡಬೇಕು. ಕೇಬಲ್ ಬಿಸಿಲು ತಾಳುವ ಹೊರಾಂಗಣದ್ದೇ ಆಗಿರಲಿ, ಉಪಕರಣ ನೀರು, ದೂಳು ಒಳಹೋಗದ ಐಪಿ67 ದರ್ಜೆಯದಿರಲಿ ಎಂದು ಟೆಂಡರ್‌ನಲ್ಲೇ ಬರೆಯಬೇಕು.

ಏಪ್ರಿಲ್-ಮೇ ತಿಂಗಳ ಗುಡುಗು-ಸಿಡಿಲಿನ ಮಳೆ ನಮ್ಮೂರಿಗೆ ಹೊಸದಲ್ಲ. ಅರ್ಥಿಂಗ್ ಸರಿಯಿಲ್ಲದ ಕಂಬದಲ್ಲಿ ಉಪಕರಣ ಸುಡುವುದಷ್ಟೇ ಅಲ್ಲ, ಪಕ್ಕದಲ್ಲಿ ನಿಂತವರ ಜೀವಕ್ಕೂ ಅಪಾಯ. ಪ್ರತಿ ಕಂಬಕ್ಕೆ ಅರ್ಥಿಂಗ್, ಕೇಬಲಿನ ಎರಡೂ ತುದಿಗೆ ಸರ್ಜ್ ರಕ್ಷಕ ಹಾಕಿಸಿ, ಮಳೆಗಾಲಕ್ಕೆ ಮುನ್ನ ವರ್ಷಕ್ಕೊಮ್ಮೆ ಪರೀಕ್ಷಿಸಿದ ದಾಖಲೆ ಇಡಬೇಕು. ಖರ್ಚು ಉಳಿಸುವ ನೆಪದಲ್ಲಿ ಇದನ್ನು ಕೈಬಿಡುವುದನ್ನು ನಾವು ಒಪ್ಪುವುದಿಲ್ಲ.

ವಿದ್ಯುತ್ ಬಿಲ್ಲಿನ ಭಾರ ದೊಡ್ಡದೇನಲ್ಲ. 30 ವ್ಯಾಟ್‌ನ ಒಂದು ಉಪಕರಣ ಹಗಲು-ರಾತ್ರಿ ನಡೆದರೂ ತಿಂಗಳಿಗೆ 21.6 ಯೂನಿಟ್. ಕರೆಂಟ್ ಹೋದಾಗ 4 ಗಂಟೆ ನಡೆಸಲು 120 ವ್ಯಾಟ್-ಅವರ್ ಸಾಕು. 12 ವೋಲ್ಟ್, 20 ಆಂಪಿಯರ್-ಅವರ್ ಬ್ಯಾಟರಿಯ ಅರ್ಧದಷ್ಟನ್ನೇ ಬಳಸಿದರೂ ಇದು ಸಿಗುತ್ತದೆ. ಬಿಲ್ ಕಟ್ಟುವವರು ಯಾರೆಂಬುದು ಮಾತ್ರ ಮೊದಲೇ ತೀರ್ಮಾನವಾಗಬೇಕು. ನಿಲ್ದಾಣ, ಉದ್ಯಾನದಂಥ ಕಡೆ ಪಾಲಿಕೆ, ಅಂಗಡಿ ಸಾಲಿನಲ್ಲಿ ವೈ-ಫೈ ನಡೆಸುವವರು ಭರಿಸುವುದು ನ್ಯಾಯವೆಂದು ನಮ್ಮ ಅಭಿಪ್ರಾಯ. ಕೆಟ್ಟಾಗ ಕರೆ ಮಾಡಬೇಕಾದ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಬರೆಸಬೇಕು.

ಮೊದಲ ಹಂತದಲ್ಲಿ ಹೊಸ ಬಸ್ ನಿಲ್ದಾಣದ ಸುತ್ತ, ಕೈಗಾರಿಕಾ ವಸಾಹತಿನ ಬಾಗಿಲಲ್ಲಿ, ತೋಳನಕೆರೆ ಉದ್ಯಾನದಲ್ಲಿ ಕೆಲಸ ಆರಂಭಿಸಬಹುದು. ಪಾಲಿಕೆಯ ವಿದ್ಯುತ್ ವಿಭಾಗ ಮತ್ತು ಹೆಸ್ಕಾಂ ಎಂಜಿನಿಯರರ ಜಂಟಿ ಸ್ಥಳ ಪರಿಶೀಲನೆಗೆ ಒಂದು ತಿಂಗಳೊಳಗೆ ದಿನ ಗೊತ್ತುಮಾಡಿ, ನಮಗೂ ತಿಳಿಸಬೇಕೆಂದು ವಿನಂತಿಸುತ್ತೇವೆ. ಯಾವ ಕಂಬದ ಬುಡದಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಗಿಡದ ಟೊಂಗೆ ಸಿಗ್ನಲ್‌ಗೆ ಅಡ್ಡ ಬರುತ್ತದೆ ಎಂಬುದನ್ನು ಜೊತೆಗೆ ನಡೆದು ತೋರಿಸಲು ನಾವು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಗೋಕುಲ ರಸ್ತೆಯ ನಾಗರಿಕರು
ಹುಬ್ಬಳ್ಳಿ

ಪ್ರತಿ: ವ್ಯವಸ್ಥಾಪಕ ನಿರ್ದೇಶಕರು, ಹೆಸ್ಕಾಂ, ನವನಗರ, ಹುಬ್ಬಳ್ಳಿ.