ಯಂತ್ರಬುದ್ಧಿಯ ನೆಲೆ ಎಲ್ಲಿರಬೇಕು?

ಯಂತ್ರವು ಮನುಷ್ಯನಷ್ಟು ಬುದ್ಧಿಶಾಲಿಯಾಗಬಲ್ಲುದೇ ಎಂಬ ಪ್ರಶ್ನೆ ಇಂದು ಎಲ್ಲೆಲ್ಲಿಯೂ ಚರ್ಚೆಗೆ ಒಳಗಾಗಿದೆ. ವಿದ್ವಾಂಸರು ಅದರ ಪರವಾಗಿಯೂ ವಿರೋಧವಾಗಿಯೂ ವಾದಿಸುತ್ತಿದ್ದಾರೆ. ಆದರೆ ಜನಸಾಮಾನ್ಯರ ಬದುಕಿಗೆ ಇನ್ನೂ ಸಮೀಪವಾದ ಮತ್ತೊಂದು ಪ್ರಶ್ನೆಯನ್ನು ಕೇಳುವವರು ವಿರಳ. ಆ ಬುದ್ಧಿಯ ನೆಲೆ ಎಲ್ಲಿರಬೇಕು? ಸಾವಿರಾರು ಮೈಲಿ ದೂರದ ದತ್ತಾಂಶ ಕೇಂದ್ರದಲ್ಲಿಯೋ, ಅದರ ನೆರವು ಬೇಕಾದ ಮನುಷ್ಯನ ಮಗ್ಗುಲಲ್ಲಿಯೋ?

ಇಂದು ಬಳಕೆಯಲ್ಲಿರುವ ಅನೇಕ ವ್ಯವಸ್ಥೆಗಳಲ್ಲಿ ಮಾಹಿತಿ ಹುಟ್ಟುವುದು ಒಂದೆಡೆ, ಅದನ್ನು ಕುರಿತು ತೀರ್ಮಾನವಾಗುವುದು ಇನ್ನೊಂದೆಡೆ. ಕ್ಯಾಮೆರಾ ತೆಗೆದ ಚಿತ್ರವು ಅಂತರ್ಜಾಲದ ಮೂಲಕ ದೂರದ ಬೃಹತ್ ಗಣಕಯಂತ್ರಗಳಿಗೆ ಹೋಗುತ್ತದೆ; ಅಲ್ಲಿ ಪರೀಕ್ಷೆ ನಡೆದು ಫಲಿತಾಂಶ ಮಾತ್ರ ಹಿಂದಿರುಗುತ್ತದೆ. ಇದಕ್ಕೆ ಕ್ಲೌಡ್ ಎಂದು ಹೆಸರು. ಅದೇ ಪರೀಕ್ಷೆಯನ್ನು ಮಾಹಿತಿ ಹುಟ್ಟಿದ ಸ್ಥಳದಲ್ಲಿಯೇ, ಅಂದರೆ ಕ್ಯಾಮೆರಾದ ಒಳಗೆ, ಪಕ್ಕದ ಸಣ್ಣ ಗಣಕದಲ್ಲಿ ಅಥವಾ ಕೈಯಲ್ಲಿರುವ ಮೊಬೈಲ್ ಫೋನಿನಲ್ಲಿ ನಡೆಸಿ ಮುಗಿಸುವ ಕ್ರಮವನ್ನು ಎಡ್ಜ್ ಕಂಪ್ಯೂಟಿಂಗ್ ಎನ್ನುತ್ತಾರೆ. ಜಾಲದ ಅಂಚಿನಲ್ಲಿ ನಡೆಯುವ ಗಣನೆ ಎಂದು ಅದರ ಅರ್ಥ.

ಈ ಎರಡು ಕ್ರಮಗಳ ತಾರತಮ್ಯವನ್ನು ಅರಿಯಲು ಮಧುಮೇಹಿಗಳ ಕಣ್ಣಿನ ತಪಾಸಣೆ ಉತ್ತಮ ನಿದರ್ಶನ. ಭಾರತದಲ್ಲಿ ಸುಮಾರು 10.1 ಕೋಟಿ ಜನ ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದ ಅಧ್ಯಯನವೊಂದು 2023ರಲ್ಲಿ ಅಂದಾಜು ಮಾಡಿತು. ಈ ಕಾಯಿಲೆ ಕಣ್ಣಿನ ಅಕ್ಷಿಪಟದ ಸೂಕ್ಷ್ಮ ರಕ್ತನಾಳಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ. ಮೊದಮೊದಲು ನೋವಿಲ್ಲ, ದೃಷ್ಟಿ ಮಂಜಾಗುವುದೂ ಇಲ್ಲ. ರೋಗಿಗೆ ಕೊರತೆ ಅರಿವಾಗುವ ವೇಳೆಗೆ ಹಾನಿ ಬಹುದೂರ ಸಾಗಿರುತ್ತದೆ. ವರ್ಷಕ್ಕೊಮ್ಮೆ ಅಕ್ಷಿಪಟದ ಪರೀಕ್ಷೆಯಾಗಿ, ದೋಷ ಸಕಾಲದಲ್ಲಿ ತಿಳಿದರೆ ಬಹುಮಟ್ಟಿಗೆ ಕುರುಡುತನವನ್ನು ತಡೆಯಬಹುದು. ಆದರೆ ನೇತ್ರತಜ್ಞರು ನಗರಗಳಲ್ಲಿದ್ದಾರೆ, ರೋಗಿಗಳು ಎಲ್ಲೆಡೆಯೂ ಇದ್ದಾರೆ. ಈ ಅಂತರವನ್ನು ತುಂಬುವ ಆಸೆಯಿಂದಲೇ ಕೃತಕ ಬುದ್ಧಿಮತ್ತೆಯನ್ನು ಈ ಕ್ಷೇತ್ರಕ್ಕೆ ಕರೆತರಲಾಯಿತು.

ಗೂಗಲ್ ಸಂಸ್ಥೆಯ ಸಂಶೋಧಕರು 2018 ಮತ್ತು 2019ರಲ್ಲಿ ಥಾಯ್ಲೆಂಡಿನ 11 ಚಿಕಿತ್ಸಾಲಯಗಳಲ್ಲಿ ಇಂಥ ವ್ಯವಸ್ಥೆಯೊಂದನ್ನು ಅಧ್ಯಯನ ಮಾಡಿ, ಕಂಡದ್ದನ್ನು 2020ರಲ್ಲಿ ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ಪ್ರಯೋಗಾಲಯದಲ್ಲಿ ಆ ಯಂತ್ರಬುದ್ಧಿ ತಜ್ಞರಿಗೆ ಸರಿಗಟ್ಟುವಂತಹುದು. ಆದರೆ ಚಿತ್ರಗಳು ಅಂತರ್ಜಾಲದ ಮೂಲಕ ಹೋಗಬೇಕಾಗಿತ್ತು. ಒಂದೊಂದು ಚಿತ್ರ ತಲುಪಲು 60ರಿಂದ 90 ಸೆಕೆಂಡು ಹಿಡಿಯಿತು, ಸಾಲು ಬೆಳೆಯಿತು. ಒಂದು ಕಡೆ ಎರಡು ಗಂಟೆ ಸಂಪರ್ಕ ಕಡಿದುಹೋಗಿ, 200 ಜನರಿಗೆ ಆಗಬೇಕಾಗಿದ್ದ ತಪಾಸಣೆ 100 ಜನರಿಗಷ್ಟೇ ಆಯಿತು. ಉಳಿದ ನೂರು ಮಂದಿಯ ಪಾಲಿಗೆ ಆ ಬುದ್ಧಿ ಎಷ್ಟೇ ಶ್ರೇಷ್ಠವಾಗಿದ್ದರೂ ಇದ್ದೂ ಇಲ್ಲದಂತೆಯೇ ಸರಿ.

ಮುಂಬಯಿ ಮಹಾನಗರಪಾಲಿಕೆಯ ದವಾಖಾನೆಗಳಲ್ಲಿ ನಡೆದ ಪ್ರಯೋಗದ ದಾರಿ ಬೇರೆ. ಬೆಂಗಳೂರಿನ ರೆಮಿಡಿಯೋ ಸಂಸ್ಥೆ ರೂಪಿಸಿದ, ಮೊಬೈಲ್ ಫೋನನ್ನೇ ಅಳವಡಿಸಿಕೊಂಡ ಅಕ್ಷಿಪಟದ ಕ್ಯಾಮೆರಾವನ್ನು ಅಲ್ಲಿ ಬಳಸಲಾಯಿತು. ನೇತ್ರವೈದ್ಯದಲ್ಲಿ ಪರಿಣತರಲ್ಲದ ಆರೋಗ್ಯ ಕಾರ್ಯಕರ್ತರು ಚಿತ್ರ ತೆಗೆದರು. ಅಂತರ್ಜಾಲದ ಹಂಗಿಲ್ಲದೆ ಅದೇ ಫೋನು ಅದನ್ನು ಪರೀಕ್ಷಿಸಿತು. ಇನ್ನೂರಕ್ಕೂ ಸ್ವಲ್ಪ ಹೆಚ್ಚು ಮಂದಿಯ ಈ ಅಧ್ಯಯನ 2019ರಲ್ಲಿ ಅಮೆರಿಕದ ಪ್ರಸಿದ್ಧ ನೇತ್ರವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ತಜ್ಞರ ಬಳಿಗೆ ಕಳುಹಿಸಬೇಕಾಗಿದ್ದವರಲ್ಲಿ ಒಬ್ಬರನ್ನೂ ಫೋನು ಕೈಬಿಡಲಿಲ್ಲ. ಕಳುಹಿಸುವ ಅಗತ್ಯವಿಲ್ಲದವರಲ್ಲಿ ಶೇಕಡ 88.4ರಷ್ಟು ಜನರನ್ನು ಸರಿಯಾಗಿ ಗುರುತಿಸಿತು. ಅಂದರೆ ಅಂಥ ನೂರರಲ್ಲಿ ಸುಮಾರು ಹನ್ನೆರಡು ಮಂದಿ ಅನವಶ್ಯಕವಾಗಿ ಆಸ್ಪತ್ರೆಗೆ ಅಲೆಯುವಂತಾಗುತ್ತದೆ. ಅಧ್ಯಯನ ಚಿಕ್ಕದು, ತೀವ್ರ ದೋಷವಿದ್ದವರ ಸಂಖ್ಯೆಯಂತೂ ಇನ್ನೂ ಚಿಕ್ಕದು. ಆದ್ದರಿಂದ ನೂರಕ್ಕೆ ನೂರು ಎಂಬ ಅಂಕಿಯನ್ನು ಶಾಶ್ವತ ಸತ್ಯವೆಂದು ಹಿಡಿಯಲಾಗದು. ಆದರೂ ದವಾಖಾನೆಯ ಬೆಂಚಿನ ಮೇಲೆಯೇ ಇಂಥ ಪರೀಕ್ಷೆ ಸಾಧ್ಯವೆಂಬುದು ಅದರಿಂದ ಸಿದ್ಧವಾಯಿತು.

ಅಂಗೈಯಗಲದ ಉಪಕರಣದಲ್ಲಿ ಇಷ್ಟು ಸಾಮರ್ಥ್ಯ ಅಡಗುವ ಬಗೆಯನ್ನು ಶಿಕ್ಷಕರು ತರಗತಿಯಲ್ಲಿಯೇ ವಿವರಿಸಬಹುದು. ಯಂತ್ರ ಕಲಿಯುವುದು ದೊಡ್ಡ ಗಣಕಗಳಲ್ಲಿಯೇ. ಅಲ್ಲಿ ಲಕ್ಷಾಂತರ ಚಿತ್ರಗಳನ್ನು ನೋಡಿ ಅದು ಪಡೆದ ವಿದ್ಯೆ ಕೊನೆಗೆ ಅಂಕಿಗಳ ಒಂದು ರಾಶಿಯಾಗಿ ಉಳಿಯುತ್ತದೆ. ಅಂಥ ಒಂದು ಕೋಟಿ ಅಂಕಿಗಳಿದ್ದು, ಪ್ರತಿಯೊಂದನ್ನೂ 32 ಬಿಟ್‌ಗಳಲ್ಲಿ ಬರೆದಿಟ್ಟರೆ ನಾಲ್ಕು ಕೋಟಿ ಬೈಟ್ ಸ್ಥಳ ಬೇಕು. ಅವನ್ನೇ ಸ್ವಲ್ಪ ಸ್ಥೂಲವಾಗಿ 8 ಬಿಟ್‌ಗಳಲ್ಲಿ ಬರೆದರೆ ಒಂದು ಕೋಟಿ ಬೈಟ್ ಸಾಕು. ಗಾತ್ರ ಕಾಲುಭಾಗಕ್ಕೆ ಇಳಿಯುತ್ತದೆ, ನಿಖರತೆ ಹಲವು ಕೆಲಸಗಳಲ್ಲಿ ಅಲ್ಪ ಮಾತ್ರ ಕುಗ್ಗುತ್ತದೆ. ಐರೋಪ್ಯ ಅಂತರಿಕ್ಷ ಸಂಸ್ಥೆ 2020ರ ಸೆಪ್ಟೆಂಬರಿನಲ್ಲಿ ಹಾರಿಸಿದ ಫೈಸ್ಯಾಟ್-1 ಎಂಬ ಪುಟ್ಟ ಉಪಗ್ರಹವೂ ಹೀಗೆಯೇ ಸಣ್ಣ ಚಿಪ್ಪೊಂದರ ನೆರವಿನಿಂದ, ಮೋಡ ಮುಸುಕಿದ ನಿರುಪಯುಕ್ತ ಚಿತ್ರಗಳನ್ನು ಭೂಮಿಗೆ ಕಳುಹಿಸುವ ಮೊದಲೇ ತಾನೇ ಗುರುತಿಸಿತು.

ಇಲ್ಲಿ ನ್ಯಾಯದ ಪ್ರಶ್ನೆಯೂ ಅಡಗಿದೆ. ಅಕ್ಷಿಪಟದ ದೋಷವನ್ನು ಯಂತ್ರ ಕಂಡುಹಿಡಿಯಬಲ್ಲುದೆಂದು ಲೋಕಕ್ಕೆ ತೋರಿಸಿದ 2016ರ ಪ್ರಸಿದ್ಧ ಸಂಶೋಧನೆಯಲ್ಲಿ ಯಂತ್ರಕ್ಕೆ ಕಲಿಸಲು ಬಳಸಿದ್ದು 1,28,175 ಚಿತ್ರಗಳು. ಆ ಚಿತ್ರಗಳು ಅಮೆರಿಕದಿಂದ ಮಾತ್ರ ಬಂದವಲ್ಲ. ಅರವಿಂದ ಕಣ್ಣಿನ ಆಸ್ಪತ್ರೆ, ಶಂಕರ ನೇತ್ರಾಲಯ ಮತ್ತು ಬೆಂಗಳೂರಿನ ನಾರಾಯಣ ನೇತ್ರಾಲಯಗಳೂ ಅವನ್ನು ಒದಗಿಸಿದ್ದವು. ಈ ನೆಲದ ರೋಗಿಗಳ ಕಣ್ಣುಗಳಿಂದ ಯಂತ್ರ ಕಲಿತ ವಿದ್ಯೆಯ ಫಲ ಈ ನೆಲದ ಹಳ್ಳಿಗಳಿಗೆ ಮರಳಿ ಬರಬೇಕಾದುದು ಧರ್ಮ. ಅಂತರ್ಜಾಲದ ತಂತು ಬಿಗಿಯಾಗಿದ್ದ ಕಡೆ ಮಾತ್ರ ಆ ಫಲ ದೊರೆಯುವುದಾದರೆ, ಹೆಚ್ಚು ಅಗತ್ಯವಿದ್ದವನೇ ಕೊನೆಯವನಾಗುತ್ತಾನೆ. ಅಲ್ಲದೆ ರೋಗಿಯ ಚಿತ್ರ ದವಾಖಾನೆಯನ್ನು ಬಿಟ್ಟು ಹೊರಹೋಗದಿದ್ದರೆ, ಅದು ಯಾರ ಕೈ ಸೇರಿತೆಂಬ ಆತಂಕವೂ ಕಡಿಮೆ.

ಹೀಗೆಂದು ಯಂತ್ರ ಹತ್ತಿರ ಬಂದೊಡನೆ ಎಲ್ಲವೂ ಸರಿಹೋಗುವುದೆಂದು ಭ್ರಮಿಸಬಾರದು. ಥಾಯ್ಲೆಂಡಿನಲ್ಲಿ ತೆಗೆದ 1838 ಚಿತ್ರಗಳ ಪೈಕಿ ಶೇಕಡ 21ರಷ್ಟನ್ನು ಯಂತ್ರ ಸ್ಪಷ್ಟವಾಗಿಲ್ಲವೆಂದು ನಿರಾಕರಿಸಿತು. ಅದಕ್ಕೆ ಮುಖ್ಯ ಕಾರಣ ಅಂತರ್ಜಾಲವಲ್ಲ. ಕತ್ತಲು ಮಾಡಲಾಗದ ಕೊಠಡಿ, ಬೆಳಕಿನ ದೋಷ. ಇಂಥ ದೋಷವನ್ನು ಮೊಬೈಲ್ ಫೋನೂ ನಿವಾರಿಸಲಾರದು. ಕಣ್ಣಿನಲ್ಲಿ ದೋಷವಿಲ್ಲವೆಂದು ಅನುಭವಿ ದಾದಿಗೆ ತೋರಿದಾಗಲೂ, ಯಂತ್ರ ಚಿತ್ರವನ್ನು ನಿರಾಕರಿಸಿತೆಂಬ ಕಾರಣಕ್ಕೆ ರೋಗಿಯನ್ನು ದೂರದ ತಜ್ಞರಲ್ಲಿಗೆ ಕಳುಹಿಸಬೇಕಾದ ಪ್ರಸಂಗಗಳು ಅಲ್ಲಿ ಬಂದವು. ಬುದ್ಧಿಯನ್ನು ಸ್ಥಳಕ್ಕೆ ತಂದು ಅಧಿಕಾರವನ್ನು ದೂರದಲ್ಲಿಯೇ ಉಳಿಸಿಕೊಂಡರೆ ಸುಧಾರಣೆ ಅರ್ಧದಾರಿಯಲ್ಲಿಯೇ ನಿಂತಂತೆ. ಯಂತ್ರದ ಮಾತನ್ನು ಪ್ರಶ್ನಿಸುವ, ಮತ್ತೊಮ್ಮೆ ಚಿತ್ರ ತೆಗೆಯುವ, ಮೇಲಿನ ವೈದ್ಯರಿಗೆ ತನ್ನ ಅಭಿಪ್ರಾಯವನ್ನೂ ಬರೆದು ಕಳುಹಿಸುವ ಸ್ವಾತಂತ್ರ್ಯ ಸ್ಥಳದಲ್ಲಿರುವ ಕಾರ್ಯಕರ್ತೆಗೆ ಇರಬೇಕು.

ಕ್ಲೌಡ್ ವ್ಯವಸ್ಥೆಯ ಪರವಾದ ವಾದದಲ್ಲಿ ಹುರುಳಿಲ್ಲದಿಲ್ಲ. ಕೇಂದ್ರದಲ್ಲಿರುವ ಯಂತ್ರವನ್ನು ಒಮ್ಮೆ ತಿದ್ದಿದರೆ ಎಲ್ಲರಿಗೂ ಅದರ ಪ್ರಯೋಜನ ದೊರೆಯುತ್ತದೆ. ನೂರು ಊರುಗಳಲ್ಲಿ ಹರಡಿದ ನೂರು ಉಪಕರಣಗಳನ್ನು ತಿದ್ದುವುದು ಸುಲಭವಲ್ಲ. ಬ್ಯಾಟರಿ ಸೊರಗುತ್ತದೆ, ಮಸೂರಕ್ಕೆ ಧೂಳು ಹಿಡಿಯುತ್ತದೆ, ಹಳೆಯ ಫೋನಿನಲ್ಲಿ ಹಳೆಯ ವಿದ್ಯೆಯೇ ಉಳಿದುಬಿಡುತ್ತದೆ. ಇವು ನಿಜವಾದ ತೊಡಕುಗಳು. ಆದರೆ ವಾರಕ್ಕೋ ತಿಂಗಳಿಗೋ ಒಮ್ಮೆ ಸಂಪರ್ಕ ದೊರೆತಾಗ ಉಪಕರಣವನ್ನು ನವೀಕರಿಸಬಹುದು. ರೋಗಿ ಎದುರಿಗೆ ಕುಳಿತಿರುವ ಗಳಿಗೆಯಲ್ಲಿ ಸಂಪರ್ಕ ತಪ್ಪಿದರೆ ಆ ಗಳಿಗೆ ಮರಳಿ ಬಾರದು. ದಿನಗೂಲಿ ಬಿಟ್ಟು ಬಂದವನು ಇನ್ನೊಮ್ಮೆ ಬರುವನೆಂಬ ಭರವಸೆ ಯಾರಿಗಿದೆ? ಕಲಿಕೆಗೆ ಕೇಂದ್ರ, ತೀರ್ಮಾನಕ್ಕೆ ಸ್ಥಳ ಎಂಬ ಹಂಚಿಕೆಯೇ ಇದಕ್ಕೆ ತಕ್ಕ ವ್ಯವಸ್ಥೆ.

ಆರೋಗ್ಯ ಶಿಬಿರಗಳಿಗೂ ಗ್ರಾಮೀಣ ಆಸ್ಪತ್ರೆಗಳಿಗೂ ಉಪಕರಣ ಕೊಡುಗೆ ನೀಡುವ ದಾನಿಗಳು, ವೈದ್ಯರೂ ಇಂಜಿನಿಯರರೂ ಆಗಿ ನಾಡಿನಾದ್ಯಂತ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು, ಯಾವುದೇ ಬುದ್ಧಿಯಂತ್ರವನ್ನು ಒಪ್ಪಿಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳುವುದು ಉಚಿತ. ಅಂತರ್ಜಾಲವಿಲ್ಲದ ದಿನವೂ ಅದು ಕೆಲಸ ಮಾಡುವುದೇ? ಅದರ ತೀರ್ಮಾನವನ್ನು ಮೀರುವ ಅಧಿಕಾರ ಸ್ಥಳದಲ್ಲಿರುವವರಿಗೆ ಇದೆಯೇ? ಕೊಟ್ಟವರ ಹೆಸರಿನ ಫಲಕ ಮಾಸಿದ ಮೇಲೆಯೂ ಅದನ್ನು ದುರಸ್ತಿಯಲ್ಲಿಡುವವರು ಯಾರು? ಈ ಮೂರಕ್ಕೂ ಸಮಾಧಾನಕರ ಉತ್ತರ ದೊರೆಯದ ಯಂತ್ರ ಎಷ್ಟು ಬೆಲೆಬಾಳಿದರೂ ಗೋಡೆಯ ಬದಿಯ ಅಲಂಕಾರವಾಗಿ ಉಳಿಯುತ್ತದೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಮನುಷ್ಯನ ಹಳೆಯ ದೌರ್ಬಲ್ಯವೊಂದನ್ನು ಎತ್ತಿ ತೋರಿಸುತ್ತದೆ. ದೂರದಲ್ಲಿರುವುದು ದೊಡ್ಡದು, ಹತ್ತಿರದ್ದು ಅಲ್ಪ ಎಂಬ ಭಾವನೆ ಯಂತ್ರಯುಗದಲ್ಲಿಯೂ ಅಳಿದಿಲ್ಲ. ಹಳ್ಳಿಯ ದವಾಖಾನೆಯ ಮೇಜಿನ ಮೇಲಿನ ಸಣ್ಣ ಉಪಕರಣವೊಂದು, ಅದನ್ನು ಅರಿತು ಬಳಸುವ ಕಾರ್ಯಕರ್ತೆಯ ಕೈಯಲ್ಲಿ, ಒಬ್ಬ ರೈತನ ಕಣ್ಣಿನ ಬೆಳಕನ್ನು ಇನ್ನೂ ಇಪ್ಪತ್ತು ವರ್ಷ ಉಳಿಸಿಕೊಡಬಹುದು. ಅದನ್ನು ಅಲ್ಪವೆನ್ನುವವರು ಯಾರು?