5.7 ಹೆಚ್ಚೋ, 9.9 ಹೆಚ್ಚೋ?

ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಕಲಿತ ಮಕ್ಕಳು ಹಿಂದೆ ಬೀಳುತ್ತಾರೆ ಎಂಬ ಮಾತು ನಮ್ಮ ಕಾಸರಗೋಡಿಗೆ ಹೊಸದಲ್ಲ. ಈ ಮಾತಾಡುವವರು ಸಾಕ್ಷಿಗೆ ಎಳೆದು ತರುವ ಶಬ್ದಗಳಲ್ಲಿ 'ವೇಗೋತ್ಕರ್ಷ'ವೂ ಒಂದು. ಮಲಯಾಳ ಮಾಧ್ಯಮದವರಿಗೆ 'ತ್ವರಣ' ಎಂದರೆ ಮುಗಿಯಿತು, ಪ್ಲಸ್ ಟು ಸೇರಿದ ಮೇಲೆ ಎಲ್ಲರಿಗೂ 'ಆಕ್ಸಿಲರೇಶನ್', ಮಧ್ಯದಲ್ಲಿ ನಮ್ಮ ಮಕ್ಕಳಿಗೆ ಮಾತ್ರ ಈ ನಾಲಗೆ ಹೊರಳದ ಪದ ಯಾಕೆ ಅಂತ.

ನನಗೆ ಇದು ಒಪ್ಪಿಗೆಯಿಲ್ಲ. ಶಬ್ದ ಕಷ್ಟದ್ದಲ್ಲ, ನಾವು ಕೊಡುವ ಉದಾಹರಣೆ ಸಪ್ಪೆ. 'ನಿಶ್ಚಲ ಸ್ಥಿತಿಯಿಂದ ಹೊರಟ ಒಂದು ವಸ್ತು' ಅಂತ ಶುರು ಮಾಡುತ್ತೇವೆ. ಯಾವ ವಸ್ತು ಮಾರಾಯ್ರೆ? ಹೊರಗೆ ರಸ್ತೆಯಲ್ಲಿ ಸದ್ದಿಲ್ಲದೆ ಓಡುವ ಕರೆಂಟಿನ ಕಾರುಗಳ ವಿಷಯ ಒಂಬತ್ತನೇ ಕ್ಲಾಸಿನ ಹುಡುಗರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅದನ್ನೇ ಬೋರ್ಡಿನ ಮೇಲೆ ತರಬಾರದೇ?

ಎರಡು ಕಾರು ತೆಗೆದುಕೊಳ್ಳೋಣ, ಎರಡೂ ಟಾಟಾದವು. ಒಂದು 2020ರಲ್ಲಿ ಬಂದ ಮೊದಲ ನೆಕ್ಸಾನ್ ಇವಿ: ಬ್ಯಾಟರಿ 30.2 ಕಿಲೋವ್ಯಾಟ್ ಅವರ್, ಶಕ್ತಿ 129 ಪಿಎಸ್, ಅಂದರೆ ಸುಮಾರು 95 ಕಿಲೋವ್ಯಾಟ್. ಸೊನ್ನೆಯಿಂದ 100 ಕಿಮೀ ವೇಗಕ್ಕೆ 9.9 ಸೆಕೆಂಡು ಎಂದು ಕಂಪೆನಿಯ ಲೆಕ್ಕ. ಇನ್ನೊಂದು 2022ರ ಟಿಯಾಗೋ ಇವಿ, 24 ಕಿಲೋವ್ಯಾಟ್ ಅವರ್ ಬ್ಯಾಟರಿಯದ್ದು: ಶಕ್ತಿ 75 ಪಿಎಸ್, ಸುಮಾರು 55 ಕಿಲೋವ್ಯಾಟ್. ಇದಕ್ಕೆ ಕಂಪೆನಿ ಹೇಳಿದ್ದು 5.7 ಸೆಕೆಂಡು, ಆದರೆ ಸೊನ್ನೆಯಿಂದ 60ಕ್ಕೆ ಮಾತ್ರ!

ಕಿತಾಪತಿ ಇರುವುದು ಇಲ್ಲೇ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವುದು 5.7 ಮತ್ತು 9.9. ಚಿಕ್ಕ ಕಾರೇ ಚುರುಕು ಅಂತ ಯಾರಾದರೂ ಅಂದುಕೊಳ್ಳಬೇಕು. ಸರಿ, ಪಾಠದಲ್ಲಿ ಹೇಳಿದ ಹಾಗೆ ಭಾಗಿಸಿ ನೋಡೋಣ. 60 ಕಿಮೀ ಎಂದರೆ ಸೆಕೆಂಡಿಗೆ 16.7 ಮೀಟರ್. 5.7ರಿಂದ ಭಾಗಿಸಿದರೆ ಟಿಯಾಗೋದ ಸರಾಸರಿ ವೇಗೋತ್ಕರ್ಷ 2.92. ನೆಕ್ಸಾನಿನದ್ದು 27.8 ಭಾಗಿಸು 9.9, ಅಂದರೆ 2.81. ಈಗಲೂ ಟಿಯಾಗೋ ಮುಂದೆ! ಸೂತ್ರ ಬಾಯಿಪಾಠ ಮಾಡಿದ ಹುಡುಗ ಇಲ್ಲಿಗೆ ಎರಡು ಗೆರೆ ಎಳೆದು ಉತ್ತರ ಬರೆದು ಬಿಡುತ್ತಾನೆ, ನಾವೂ ಮಾರ್ಕು ಕೊಡುತ್ತೇವೆ.

ಆದರೆ ಇದು ಸರಿಯಾದ ಹೋಲಿಕೆಯೇ ಅಲ್ಲ. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ತಿ ತಿರುಚುಬಲ ಕೊಡುತ್ತದೆ. ಪೆಟ್ರೋಲ್ ಇಂಜಿನಿನ ಹಾಗೆ ಸುತ್ತು ಏರುವವರೆಗೆ ಕಾಯುವ ಕೆಲಸವಿಲ್ಲ, ಈ ಕಾರುಗಳಲ್ಲಿ ಗೇರು ಬದಲಿಸುವ ರಗಳೆಯೂ ಇಲ್ಲ. ಸಿಗ್ನಲ್ ಬಿಟ್ಟ ಕೂಡಲೇ ಇವು ಚಿಮ್ಮುವುದು ಇದಕ್ಕೇ. ಒಂದು ವೇಗ ದಾಟಿದ ಮೇಲೆ ಮೋಟಾರಿನ ಗರಿಷ್ಠ ಶಕ್ತಿಯ ಮಿತಿ ಬರುತ್ತದೆ. ಅಲ್ಲಿಂದ ಮುಂದೆ ಶಕ್ತಿ ಅಷ್ಟೇ, ವೇಗ ಮಾತ್ರ ಹೆಚ್ಚು, ಹಾಗಾಗಿ ತಳ್ಳುವ ಬಲ ಇಳಿಯುತ್ತಾ ಹೋಗುತ್ತದೆ. ಗಾಳಿಯ ತಡೆಯೋ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆದ್ದರಿಂದ 60ರವರೆಗಿನ ಸರಾಸರಿ ಯಾವಾಗಲೂ ಚೆಂದ ಕಾಣುತ್ತದೆ. ಟಿಯಾಗೋವನ್ನು 100ರವರೆಗೆ ಓಡಿಸಿದರೆ ಅದರ 2.92 ಉಳಿಯುವುದಿಲ್ಲ.

ಹಾಗಾದರೆ ನೆಕ್ಸಾನ್ 60ಕ್ಕೆ ಎಷ್ಟು ಹೊತ್ತಿನಲ್ಲಿ ಮುಟ್ಟಿರಬಹುದು? ಒಂಬತ್ತನೇ ಕ್ಲಾಸಿನ ಗಣಿತದಲ್ಲೇ ಅಂದಾಜು ಮಾಡಬಹುದು. ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಚಲನಶಕ್ತಿ ವೇಗದ ವರ್ಗವನ್ನು ಅನುಸರಿಸುತ್ತದೆ. 60ರ ವರ್ಗ 3600, 100ರ ವರ್ಗ 10000. ಅಂದರೆ 100 ಕಿಮೀ ವೇಗಕ್ಕೆ ಬೇಕಾದ ಶಕ್ತಿಯಲ್ಲಿ ಮೊದಲ 60ಕ್ಕೆ ಖರ್ಚಾಗುವುದು ಬರೀ ನೂರರಲ್ಲಿ 36 ಪಾಲು. ಉಳಿದ 64 ಪಾಲು ಕೊನೆಯ 40ಕ್ಕೇ ಬೇಕು! ಕಾರಿನ ತೂಕ ಸುಮಾರು 1400 ಕಿಲೋ ಎಂದು ಹಿಡಿದರೆ ಆ 64 ಪಾಲು ಸುಮಾರು 346 ಕಿಲೋಜೂಲ್. ಸೆಕೆಂಡಿಗೆ 95 ಕಿಲೋಜೂಲ್ ಕೊಡುವ ಮೋಟಾರಿಗೆ ಅದಕ್ಕೆ ಕಡಿಮೆಯೆಂದರೂ 3.6 ಸೆಕೆಂಡು ಬೇಕು. 9.9ರಿಂದ ಕಳೆಯಿರಿ. ಮೊದಲ 60ಕ್ಕೆ ಉಳಿಯುವುದು ಹೆಚ್ಚೆಂದರೆ 6.3 ಸೆಕೆಂಡು. ಚಾಲಕನ ಭಾರ, ಟಯರಿನ ಉಜ್ಜಾಟ, ಗಾಳಿಯ ತಡೆ ಎಲ್ಲ ಸೇರಿಸಿದರೆ ಕೊನೆಯ 40ಕ್ಕೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ, ಹಾಗಾಗಿ ಈ 6.3 ಇನ್ನೂ ಕೆಳಗಿಳಿಯುತ್ತದೆ. 5.7ಕ್ಕೂ 9.9ಕ್ಕೂ ಆಕಾಶ ಭೂಮಿಯ ಅಂತರ ಕಂಡಿತ್ತಲ್ಲ, 60ರವರೆಗೆ ಅದು ಹೆಚ್ಚುಕಡಿಮೆ ಮಾಯ. 60 ದಾಟಿದ ಮೇಲೆ 95ಕ್ಕೂ 55ಕ್ಕೂ ಇರುವ ವ್ಯತ್ಯಾಸ ಗೊತ್ತಾಗಬೇಕು.

ಪೇಟೆಯೊಳಗೆ, ಶಾಲೆ ಆಸ್ಪತ್ರೆ ಅಂತ ಓಡಾಡುವವರಿಗೆ ಟಿಯಾಗೋ ಧಾರಾಳ ಸಾಕು ಎಂದು ನನ್ನ ಅಭಿಪ್ರಾಯ. ಹೆದ್ದಾರಿಯಲ್ಲಿ ಟ್ಯಾಂಕರನ್ನು ಹಿಂದೆ ಹಾಕುವವನಿಗೆ ಬೇಕಾದದ್ದು 60ರಿಂದ ಮೇಲಿನ ಲೆಕ್ಕ. ಆ ಅಂಕೆಯನ್ನೇ ಜಾಹೀರಾತಿನವರು ಕೊಡುವುದಿಲ್ಲ. ಸೊನ್ನೆಯಿಂದ ನೂರು ಅಂತ ಕುಣಿಯುವವರಿಗೆ ಇನ್ನೊಂದು ವಿಷಯ ನೆನಪಿಸಬೇಕು: 2001ರಲ್ಲಿ ಬೆಂಗಳೂರಿನಿಂದ ಬಂದ ರೇವಾ 100 ಕಿಮೀ ವೇಗವನ್ನು ಮುಟ್ಟುತ್ತಲೇ ಇರಲಿಲ್ಲ. ಆದರೂ ಅದು ಲಂಡನ್ ಬೀದಿಯಲ್ಲಿ 'ಜಿ-ವಿಜ್' ಎಂಬ ಹೆಸರಿನಲ್ಲಿ ಓಡಿತು.

ಈ ಇಡೀ ಲೆಕ್ಕದಲ್ಲಿ ಇಂಗ್ಲಿಷಿಗೆ ಓಡಬೇಕಾದ ಜಾಗ ಎಲ್ಲಿ ಬಂತು, ಹೇಳಿ. ವೇಗೋತ್ಕರ್ಷ, ಬಲ, ಶಕ್ತಿ, ಸರಾಸರಿ, ವರ್ಗ ಎಲ್ಲ ನಮ್ಮ ಪುಸ್ತಕದಲ್ಲೇ ಇವೆ. ಒಂದು ತೊಡಕು ಮಾತ್ರ ನಿಜ. ಕನ್ನಡದಲ್ಲಿ ಎನರ್ಜಿಗೂ ಪವರಿಗೂ ಎಷ್ಟೋ ಸಲ 'ಶಕ್ತಿ' ಎಂದೇ ಬರೆದು ಬಿಡುತ್ತೇವೆ, ಮೇಲೆ ನಾನು ಬಳಸಿದ್ದೂ ಹಾಗೇ. ಕಿಲೋಜೂಲ್ ಯಾವುದು, ಕಿಲೋವ್ಯಾಟ್ ಯಾವುದು ಅಂತ ಕ್ಲಾಸಿನಲ್ಲಿ ಬಿಡಿಸಿ ಹೇಳಲೇಬೇಕು, ಪವರಿಗೆ 'ಸಾಮರ್ಥ್ಯ' ಎಂದರೆ ಗೊಂದಲವಿಲ್ಲ. ಹೇಳಿಯಾದ ಮೇಲೆ ಮಕ್ಕಳಿಗೆ ಇನ್ನೊಂದು ಪ್ರಶ್ನೆ ಕೊಡಬಹುದು: ಇದೇ ಟಿಯಾಗೋದ 19.2 ಕಿಲೋವ್ಯಾಟ್ ಅವರ್ ಬ್ಯಾಟರಿಯ ಮಾದರಿಗೆ ಸಾಮರ್ಥ್ಯ 61 ಪಿಎಸ್, 60 ಮುಟ್ಟಲು 6.2 ಸೆಕೆಂಡು. ಸಾಮರ್ಥ್ಯ ಸುಮಾರು ಐದರಲ್ಲೊಂದು ಪಾಲು ಕಡಿಮೆಯಾದರೂ ಸಮಯ ಅರ್ಧ ಸೆಕೆಂಡು ಮಾತ್ರ ಹೆಚ್ಚಿತು, ಯಾಕೆ? ತಿರುಚುಬಲ ದೊಡ್ಡದಕ್ಕೆ 114 ನ್ಯೂಟನ್ ಮೀಟರ್, ಚಿಕ್ಕದಕ್ಕೆ 110 ಎಂಬ ಸುಳಿವನ್ನು ಹತ್ತು ನಿಮಿಷ ಕಳೆದ ಮೇಲೆ ಕೊಟ್ಟರೆ ಸಾಕು.